ರಾಗಿ ತೂರಲು ಯಾವ ಹೊತ್ತಿನ ಗಾಳಿ ವಾಸಿ?

‘ಗಾಳಿ ಬಂದಾಗ ತೂರಿಕೋ’ ಅನ್ನುತ್ತಾರೆ. ಎಂಥ ಗಾಳಿ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಈ ಸಲ ಶಿರಾ ಕಡೆಯ ನಮ್ಮ ಕಣದಲ್ಲಿ ನಾಲ್ಕು ಮೂಟೆ ರಾಗಿ ತೂರುವುದಿತ್ತು. ಅಂಗೈಯಲ್ಲಿ ಹಿಡಿಯುವ ಗಾಳಿ ಮೀಟರ್ ಒಂದನ್ನು ತರಿಸಿದ್ದೆ. ಅಮ್ಮ ಮೊರ ಹಿಡಿದಳು, ನಾನು ಪಕ್ಕದಲ್ಲಿ ನಿಂತು ಐದು ಸೆಕೆಂಡಿಗೊಮ್ಮೆ ಅಂಕಿ ಬರೆದುಕೊಂಡೆ.

ಬೆಳಗ್ಗೆ 7ಕ್ಕೆ ಮೀಟರ್ ತಿರುಗಲೇ ಇಲ್ಲ. ಹಂಡೆ ಒಲೆಯ ಹೊಗೆ ಹೆಂಚಿನ ಎತ್ತರದಲ್ಲೇ ಚಾದರ ಹಾಸಿದ ಹಾಗೆ ನಿಂತಿತ್ತು. ರಾತ್ರಿ ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಮೇಲೆ ಬೀಸುವ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ, ಕೆಳಗಿಳಿಯುವುದಿಲ್ಲ. ಕಾಫಿ ಕುಡಿಯಲು ಹೋದೆವು.

ಮಧ್ಯಾಹ್ನ 1ಕ್ಕೆ ಸರಾಸರಿ ಸೆಕೆಂಡಿಗೆ 2.5 ಮೀಟರ್, ಅಂದರೆ ಗಂಟೆಗೆ 9 ಕಿಲೋಮೀಟರ್. ಸಾಕು ಅನಿಸುತ್ತದೆ, ಅಲ್ವಾ? ಆದರೆ ಅದೇ ಒಂದು ನಿಮಿಷದಲ್ಲಿ ಕಡಿಮೆ ಅಂದರೆ 0.6, ಜಾಸ್ತಿ ಅಂದರೆ 5. ವೇಗ ಎರಡರಷ್ಟಾದರೆ ಗಾಳಿಯ ನೂಕು ನಾಲ್ಕರಷ್ಟಾಗುತ್ತದೆ. ಹಾಗಾಗಿ ಗಾಳಿ ಸುಯ್ ಅಂದಾಗ ಹೊಟ್ಟಿನ ಜೊತೆ ರಾಗಿಯೂ ಹಾರಿತು, ನಿಂತಾಗ ಹೊಟ್ಟು ರಾಶಿಯ ಮೇಲೇ ಬಿತ್ತು. ನಡುವೆ ದಿಕ್ಕು ತಿರುಗಿ ಅಮ್ಮನ ಕಣ್ಣಿಗೂ ಒಂದಿಷ್ಟು. ಕಾದ ನೆಲದಿಂದ ಬಿಸಿಗಾಳಿ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಬೀಸುವ ಗಾಳಿ ಮೆಲ್ಲಗಿದ್ದರೆ ಈ ಗುಳ್ಳೆಗಳದ್ದೇ ದರ್ಬಾರು. ಆ ಮೂಟೆಯನ್ನು ಎರಡು ಸಲ ತೂರಬೇಕಾಯಿತು.

ಸಂಜೆ 4:30ಕ್ಕೆ ಸರಾಸರಿ 3.2. ಕಡಿಮೆ 2.3, ಜಾಸ್ತಿ 4.2. ಬಿಸಿಲು ಇಳಿದು ಗುಳ್ಳೆಗಳು ನಿಂತಿದ್ದವು, ಗಾಳಿ ಇನ್ನೂ ನಿಂತಿರಲಿಲ್ಲ. ರಾಗಿ ಅಮ್ಮನ ಕಾಲ ಬಳಿ ಗೆರೆ ಎಳೆದ ಹಾಗೆ ಬಿತ್ತು, ಹೊಟ್ಟು ಒಂದು ಮಾರು ಆಚೆ. ಒಂದೇ ಸಲಕ್ಕೆ ಮೂಟೆ ಮುಗಿಯಿತು. ಹೊತ್ತು ಮುಳುಗುವಷ್ಟರಲ್ಲಿ ಗಾಳಿ ಸತ್ತುಹೋಯಿತು. ಸಿಗುವುದು ಒಂದೂವರೆ ಗಂಟೆ ಅಷ್ಟೇ.

ಮಾರನೇ ದಿನದ ಮಧ್ಯಾಹ್ನ ನನ್ನ ಲೆಕ್ಕ ತಲೆಕೆಳಗಾಯಿತು. ಜೋರು ಮೂಡಗಾಳಿ, ಸರಾಸರಿ 6. ಅಂಕಿ 4.4ರಿಂದ 7.9ರವರೆಗೆ ಓಡಾಡಿತು. ಏರಿಳಿತ ಸಂಜೆಗಿಂತ ಜಾಸ್ತಿ, ಆದರೆ ಸರಾಸರಿಗೆ ಹೋಲಿಸಿದರೆ ಹೆಚ್ಚುಕಮ್ಮಿ ಸಂಜೆಯಷ್ಟೇ! ಜೋರುಗಾಳಿ ಬಿಸಿ ಗುಳ್ಳೆಗಳನ್ನು ಎದ್ದ ಹಾಗೇ ಹರಿದು ಕಲಸಿಬಿಡುತ್ತದೆ. ಉಳಿಯುವುದು ನೆಲಕ್ಕೆ, ಕೂಳೆಗೆ, ಬೇಲಿಗೆ ಉಜ್ಜಿಕೊಂಡು ಹುಟ್ಟುವ ಸುಳಿ ಮಾತ್ರ. ಅದು ಗಾಳಿಯ ಜೊತೆಗೇ ಬೆಳೆಯುತ್ತದೆ. ತಲೆಯೆತ್ತರದಿಂದ ಸುರಿದರೆ ರಾಗಿಯೂ ಹಾರುತ್ತಿತ್ತು. ಅಮ್ಮ ಮೊರವನ್ನು ಸೊಂಟಕ್ಕೆ ಇಳಿಸಿದಳು. ನೆಲಕ್ಕೆ ಹತ್ತಿರವಾದಷ್ಟೂ ಗಾಳಿ ನಿಧಾನ, ಕಾಳು ಬೀಳುವ ದೂರವೂ ಕಮ್ಮಿ. ಪರವಾಗಿಲ್ಲ ಅನ್ನುವ ಹಾಗೆ ನಡೆಯಿತು, ಆದರೂ ಸಂಜೆಯಷ್ಟು ಚೊಕ್ಕಟವಲ್ಲ.

ನೆರಳಿನ ಆಸೆಗೆ ಹುಣಸೆಮರದ ಮರೆಯಲ್ಲೂ ನಾಲ್ಕು ಮೊರ ತೂರಿ ನೋಡಿದೆವು. ಬೇಡವೇ ಬೇಡ. ಮರದ ಹಿಂದೆ ಗಾಳಿ ಸುತ್ತಿಕೊಂಡು ವಾಪಸ್ ಬರುತ್ತದೆ. ಮರದ ಎತ್ತರದ ಹತ್ತಿಪ್ಪತ್ತು ಪಟ್ಟು ದೂರದವರೆಗೂ ಅದರ ಕಲಕು ಇರುತ್ತದೆ, ನಾಲ್ಕು ಹೆಜ್ಜೆ ಸರಿದು ನಿಂತರೆ ಸಾಲದು.

ಸ್ಟ್ಯಾಂಡ್ ಫ್ಯಾನಿನಲ್ಲಿ ಅರ್ಧ ಮೂಟೆ ಆಯಿತು. ಹತ್ತಿರ ನಿಂತರೆ ಸುಳಿ, ಎರಡು ಹೆಜ್ಜೆ ದೂರ ಹೋದರೆ ಗಾಳಿಯೇ ಇಲ್ಲ. ಕರೆಂಟ್ ಬೇರೆ ಹೋಯಿತು.

ನನಗಂತೂ ಸಂಜೆಯೇ ಸೈ. ಅಮ್ಮ ಇಷ್ಟು ದಿನವೂ ಮೀಟರಿನ ಕಡೆ ತಿರುಗಿ ನೋಡಿಲ್ಲ. ಒಂದು ಹಿಡಿ ಹೊಟ್ಟನ್ನು ಮೂರು ಪಾಲು ಮಾಡಿ, ತಲೆಯೆತ್ತರದಿಂದ ಒಂದಾದ ಮೇಲೊಂದು ಬಿಡುತ್ತಾಳೆ. ಮೂರೂ ಮೂರು ಕಡೆ ಬಿದ್ದರೆ ಸುಮ್ನೆ ಹೋಗಿ ಜಗಲಿ ಮೇಲೆ ಕೂರುತ್ತಾಳೆ. ಒಂದೇ ಕಡೆ ಬಿದ್ದರೆ, “ಹೂಂ, ಮೊರ ತಾರೋ.”