ನಿಂತ ಹೈಬ್ರಿಡ್ ಕಾರಿನಲ್ಲಿ ಕರೆಂಟ್ ಸೋರಿಕೆ: ಹಿಡಿಯಲು ಯಾವ ದಾರಿ ಮೇಲು?

ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ ಎರಡು. ಚಕ್ರ ತಿರುಗಿಸುವುದು ದೊಡ್ಡದು. ಬೀಗ, ದೀಪ, ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು 12 ವೋಲ್ಟ್‌ನ ಚಿಕ್ಕದು. ಚಿಕ್ಕದು ಬರಿದಾದರೆ ದೊಡ್ಡದನ್ನು ಜೋಡಿಸುವ ರಿಲೇಗಳೇ (ಕರೆಂಟ್‌ನಿಂದ ಕೆಲಸ ಮಾಡುವ ಸ್ವಿಚ್‌ಗಳು) ಎಳೆಯುವುದಿಲ್ಲ, ದೊಡ್ಡದರ ತುಂಬ ಚಾರ್ಜ್ ಇದ್ದರೂ ಕಾರು ಕದಲುವುದಿಲ್ಲ. ರಾಯಚೂರಿನ ಮನೆಯ ಮುಂದೆ ಕಾರು ಬಿಟ್ಟು, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ನನಗೆ ಪದೇ ಪದೇ ಇದೇ ಗತಿಯಾಗುತ್ತಿತ್ತು.

“ಬಿಸಿಲಿಗೆ ಬ್ಯಾಟರಿ ಹೋಗಿದೆ ಸರ್, ಹೊಸದು ಹಾಕಿಸಿಬಿಡಿ” ಎಂಬ ಸಲಹೆ ಕೇಳದೆಯೇ ಸಿಗುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಬ್ಯಾಟರಿಯ ಆಯುಷ್ಯ ಕಡಿಮೆ ಮಾಡುವುದು ನಿಜ, ಆದ್ದರಿಂದ ಮೊದಲು ಅದನ್ನೇ ಪರೀಕ್ಷಿಸಿದೆ. ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ತಂತಿ ಬಿಚ್ಚಿಟ್ಟರೆ ವೋಲ್ಟೇಜ್ 12.6ರ ಆಸುಪಾಸಿನಿಂದ ಇಳಿಯಲಿಲ್ಲ. ಅಂದರೆ ಬ್ಯಾಟರಿ ಸರಿಯಾಗಿಯೇ ಇತ್ತು, ಕಾರಿನೊಳಗೆ ಏನೋ ಕುಡಿಯುತ್ತಿತ್ತು.

ಎಲ್ಲ ಪರೀಕ್ಷೆಗೂ ಒಂದು ಷರತ್ತು: ಕಾರು ನಿದ್ದೆಗೆ ಜಾರಬೇಕು. ಬೀಗ ಹಾಕಿದ ಮೇಲೂ ಒಳಗಿನ ಕಂಪ್ಯೂಟರ್‌ಗಳು ಒಂದೊಂದಾಗಿ ಮಲಗಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಸ್ಮಾರ್ಟ್ ಕೀ ಹತ್ತಿರವಿದ್ದರೆ ಮಲಗುವುದೇ ಅನುಮಾನ. ನಾನು ಅದನ್ನು ಹಿತ್ತಲ ಕೋಣೆಯಲ್ಲಿ ಸ್ಟೀಲ್ ಡಬ್ಬಿಯೊಳಗೆ ಇಡುತ್ತಿದ್ದೆ. ಬಾನೆಟ್ ಮತ್ತು ಬಾಗಿಲು ತೆರೆದಿಟ್ಟು, ಅವುಗಳ ಚಿಲಕವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದರೆ ಕಾರು ಎಲ್ಲ ಮುಚ್ಚಿದೆ ಎಂದು ನಂಬುತ್ತದೆ. ಮಲಗಿದ ಮೇಲೆ 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ.

ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳಿಗೆ ಒಗ್ಗಿದ್ದು ಫ್ಯೂಸ್ ಕೀಳುವ ವಿಧಾನ: ಮೀಟರ್ ಜೋಡಿಸಿ, ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತ ಹೋಗುವುದು, ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಅಲ್ಲಿ ಕಳ್ಳ. ಹಳೆಯ ಜೀಪಿಗೆ ಇದು ಸಾಕು. ಹೈಬ್ರಿಡ್‌ನಲ್ಲಿ ಒಂದು ಫ್ಯೂಸ್ ಕಿತ್ತು ಮತ್ತೆ ಸಿಕ್ಕಿಸಿದರೆ ಅದರ ಹಿಂದಿನ ಕಂಪ್ಯೂಟರ್ ಎದ್ದು ಕೂರುತ್ತದೆ, ತನ್ನ ಜೊತೆಯವರನ್ನೂ ಎಬ್ಬಿಸುತ್ತದೆ. ಮತ್ತೆ ಅರ್ಧ ಗಂಟೆ ಕಾಯಬೇಕು. ನನಗಂತೂ ಇದು ತಾಳ್ಮೆಯ ಪರೀಕ್ಷೆಯಾಗಿತ್ತೇ ಹೊರತು ಕಾರಿನದಲ್ಲ.

ಮಲ್ಟಿಮೀಟರನ್ನು ನೆಗೆಟಿವ್ ತಂತಿ ಮತ್ತು ಟರ್ಮಿನಲ್ ನಡುವೆ ಸರಣಿಯಲ್ಲಿ ಜೋಡಿಸುವ ವಿಧಾನದ ಅಂಕಿ ಮಾತ್ರ ಅತ್ಯಂತ ನಂಬಲರ್ಹ. ಆದರೆ ತಂತಿ ಬಿಚ್ಚಿದೊಡನೆ ಗಡಿಯಾರ, ಕಿಟಕಿಯ ಆಟೋ ಸೌಲಭ್ಯ ಎಲ್ಲ ಅಳಿಸಿಹೋಗುತ್ತವೆ. ತಪ್ಪಿಸಲು ಬಿಚ್ಚುವ ಮೊದಲೇ ಇನ್ನೊಂದು ತಂತಿಯ ಸೇತುವೆ ಹಾಕಿರಬೇಕು. ಮೀಟರ್‌ನ 10 ಆಂಪಿಯರ್ ಕಿಂಡಿಯನ್ನೇ ಬಳಸಬೇಕು. ಮಿಲಿಆಂಪಿಯರ್ ಕಿಂಡಿಯಲ್ಲಿಟ್ಟು ಯಾರಾದರೂ ಬಾಗಿಲು ತೆರೆದರೆ ಕಾರು ಎಚ್ಚೆತ್ತು ಹಲವು ಆಂಪಿಯರ್ ಎಳೆಯುತ್ತದೆ, ಮೀಟರ್‌ನ ಫ್ಯೂಸ್ ಸುಟ್ಟುಹೋಗುತ್ತದೆ. ಇದೆಲ್ಲ ಮಾಡಿ ತಿಳಿದದ್ದು ಸುಮಾರು 260 ಮಿಲಿಆಂಪಿಯರ್. ಎಲ್ಲಿ ಎಂಬುದು ತಿಳಿಯಲಿಲ್ಲ.

ಕ್ಲ್ಯಾಂಪ್ ಮೀಟರ್ ಸುಖದ ದಾರಿ. ಏನನ್ನೂ ಬಿಚ್ಚದೆ ತಂತಿಗೆ ತೊಡಿಸಿದರಾಯಿತು. ಆದರೆ ಪಂಪ್‌ಸೆಟ್ ಮೋಟಾರ್ ರಿಪೇರಿಯವರಲ್ಲಿರುವ ಕ್ಲ್ಯಾಂಪ್ ಸಾಮಾನ್ಯವಾಗಿ ಎಸಿಗಷ್ಟೇ, ಅಂದರೆ ಮನೆ-ಪಂಪ್‌ಸೆಟ್‌ಗಳಿಗೆ ಬರುವ ಕರೆಂಟ್‌ಗಷ್ಟೇ. ಅದನ್ನು ಕಾರಿಗೆ ತೊಡಿಸಿದರೆ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತದೆ. ಡಿಸಿ, ಅಂದರೆ ಬ್ಯಾಟರಿಯ ಕರೆಂಟ್, ಅಳೆಯುವಂಥದ್ದೇ ಬೇಕು. ಅದಕ್ಕೂ ಚಂಚಲ ಬುದ್ಧಿ: ಸೊನ್ನೆಗೆ ತಂದು, ಸ್ವಲ್ಪ ತಿರುಗಿಸಿದರೆ ಭೂಮಿಯ ಕಾಂತಕ್ಷೇತ್ರಕ್ಕೇ ಅಂಕಿ ಅಲುಗುತ್ತದೆ, ಬಿಸಿಯೇರಿದರೂ ಜಾರುತ್ತದೆ. ಮಧ್ಯಾಹ್ನ ಅಳೆಯುವುದನ್ನು ಬಿಟ್ಟು ಸೂರ್ಯ ಇಳಿದ ಮೇಲೆ ಅಳೆದೆ. 30 ಮತ್ತು 50ರ ವ್ಯತ್ಯಾಸ ಹೇಳಲು ನನ್ನ ಕ್ಲ್ಯಾಂಪ್‌ಗೆ ಯೋಗ್ಯತೆಯಿಲ್ಲ; 260ನ್ನು ಹಿಡಿಯಲು ಧಾರಾಳ ಸಾಕಿತ್ತು.

ನನ್ನ ಮತ ಹೋಗುವುದು ನಾಲ್ಕನೆಯದಕ್ಕೆ, ಫ್ಯೂಸ್‌ನ ಮೇಲಿನ ಮಿಲಿವೋಲ್ಟ್ ಅಳೆಯುವುದಕ್ಕೆ. ಫ್ಯೂಸ್ ಕೂಡ ಒಂದು ತಂತಿಯೇ, ಅದಕ್ಕೂ ಚೂರು ಪ್ರತಿರೋಧವಿದೆ. ಕರೆಂಟ್ ಹರಿದರೆ ಅದರ ಎರಡು ತುದಿಗಳ ನಡುವೆ ಒಂದಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಬ್ಲೇಡ್ ಫ್ಯೂಸ್‌ಗಳ ತಲೆಯ ಮೇಲೆ ಅಳತೆಗೆಂದೇ ಎರಡು ಲೋಹದ ಚುಕ್ಕೆಗಳಿರುತ್ತವೆ. ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅಲ್ಲಿ ಮುಟ್ಟಿಸುತ್ತ ಸಾಗಿದರಾಯಿತು. ಯಾವ ಫ್ಯೂಸನ್ನೂ ಕೀಳುವುದಿಲ್ಲ, ಯಾವ ಕಂಪ್ಯೂಟರೂ ಏಳುವುದಿಲ್ಲ. ಮೀಟರ್ 0.1 ಮಿಲಿವೋಲ್ಟ್ ಓದಬಲ್ಲದ್ದಾಗಿರಬೇಕು, ಅಷ್ಟೇ. ಹೆಚ್ಚಿನವು ಸೊನ್ನೆ ತೋರಿಸಿದವು. 10 ಆಂಪಿಯರ್‌ನ ಒಂದು ಮಿನಿ ಫ್ಯೂಸ್ 1.7 ಎಂದಿತು. ಅಂಥ ಫ್ಯೂಸ್‌ನ ಪ್ರತಿರೋಧ ಸುಮಾರು 7.5 ಮಿಲಿಓಮ್, ಭಾಗಿಸಿದರೆ ಸುಮಾರು 225 ಮಿಲಿಆಂಪಿಯರ್. ದಿನಕ್ಕೆ ಐದು ಆಂಪಿಯರ್-ಗಂಟೆಗೂ ಹೆಚ್ಚು! 45 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ವಾರದೊಳಗೇ ಕೈಕೊಟ್ಟರೆ ಅಚ್ಚರಿಯೇನು?

ಆ ಫ್ಯೂಸ್‌ಗೆ ಬಿಡಿಭಾಗದ ಅಂಗಡಿಯವರು ಡ್ಯಾಶ್‌ಕ್ಯಾಮ್‌ನ ತಂತಿ ಸಿಕ್ಕಿಸಿದ್ದರು. ಅದು ಸದಾ ಕರೆಂಟ್ ಇರುವ ಫ್ಯೂಸ್. ಕಾರು ಮಲಗಿದರೂ ಕ್ಯಾಮೆರಾ ಕಣ್ಣು ಬಿಟ್ಟುಕೊಂಡೇ ಇರುತ್ತಿತ್ತು. ತಂತಿಯನ್ನು ಪವರ್ ಆನ್ ಮಾಡಿದಾಗ ಮಾತ್ರ ಜೀವ ಬರುವ ಫ್ಯೂಸ್‌ಗೆ ಬದಲಿಸಿದ ಮೇಲೆ ಸರಣಿಯಲ್ಲಿ ಮತ್ತೆ ಅಳೆದರೆ ಮೂವತ್ತರ ಹತ್ತಿರ. ಕೊನೆಯ ಖಾತ್ರಿಗೆ ಆ ವಿಧಾನವೇ ಸರಿ.

ಈ ಯಾವ ಪರೀಕ್ಷೆಗೂ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಹೋಗುವ ಅಗತ್ಯವಿಲ್ಲ. ಅವು ದೊಡ್ಡ ಬ್ಯಾಟರಿಯವು, ಪ್ರಾಣಕ್ಕೇ ಅಪಾಯ. ಇನ್ನು, ಊರಲ್ಲಿದ್ದೂ ಕಾರು ತೆಗೆಯದ ವಾರಗಳಲ್ಲಿ ಅರ್ಧ ಗಂಟೆ ‘ರೆಡಿ’ಯಲ್ಲಿ (ಹೊರಡಲು ಸಿದ್ಧ ಸ್ಥಿತಿಯಲ್ಲಿ) ಇಟ್ಟರೆ ದೊಡ್ಡ ಬ್ಯಾಟರಿಯೇ ಚಿಕ್ಕದಕ್ಕೆ ಚಾರ್ಜ್ ಮಾಡುತ್ತದೆ. ಮುಚ್ಚಿದ ಶೆಡ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ, ನಡುವೆ ಎಂಜಿನ್ ತಾನಾಗಿಯೇ ಚಾಲೂ ಆಗಿ ಹೊಗೆ ತುಂಬುತ್ತದೆ.