ಹಾಸನದಲ್ಲಿ ಗ್ಯಾಸ್‌ಲೈಟ್ ರಿಪೇರಿ: ಮೂರು ಸಲ ಅಲೆದಾಡಿದೆ, ಆದರೂ ಬೇಜಾರಿಲ್ಲ

ಅಜ್ಜನ ಕಾಲದ, ಪಂಪ್ ಹೊಡೆದು ಹಚ್ಚುವ ಸೀಮೆಎಣ್ಣೆಯ ಗ್ಯಾಸ್‌ಲೈಟ್ ಅಟ್ಟದ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಹೋದ ಮಳೆಗಾಲದಲ್ಲಿ ನಮ್ಮ ಸಕಲೇಶಪುರದ ಕಡೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ, ಯುಪಿಎಸ್ ಮೊದಲನೇ ರಾತ್ರಿಯೇ ಕೈ ಕೊಟ್ಟಿತು, ಆಗ ಇದರ ನೆನಪಾಯಿತು. ಹಾಸನದ ಸಂತೆಪೇಟೆ ಕಡೆ ಬೋರ್ಡೂ ಇಲ್ಲದ ಒಂದು ಸಣ್ಣ ಸ್ಟೌ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಹೊತ್ತುಕೊಂಡು ಹೋದೆ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ. ಯಜಮಾನರು "ನಾಳೆ ಬನ್ನಿ ಸಾರ್" ಅಂದರೆ ಅದು ನಾಳೆ ಅಲ್ಲ. ಫೋನಂತೂ ಎತ್ತುವುದೇ ಇಲ್ಲ. ಮೂರನೇ ಸಲ ಹೋದಾಗ ನಾನು ಜಗಲಿಯಲ್ಲೇ ಕೂತುಬಿಟ್ಟೆ.

ಕೂತಿದ್ದು ಒಳ್ಳೆಯದೇ ಆಯಿತು. ಪಂಪಿನೊಳಗೆ ಹಪ್ಪಳದ ಥರ ಒಣಗಿದ್ದ ಚರ್ಮದ ವಾಷರ್ ಕಿತ್ತು, ಹೊಸದನ್ನು ಎಣ್ಣೆಯಲ್ಲಿ ಅದ್ದಿ, ಬೆರಳಲ್ಲೇ ಅಗಲಿಸಿ ಕೂರಿಸಿದರು. ಪಿನ್ನು ಬದಲಾಯಿಸಿದರು. ಪುಟ್ಟ ಚೀಲದಂಥ ಮ್ಯಾಂಟಲ್ ಕಟ್ಟಿ ಬೆಂಕಿ ಕೊಟ್ಟರೆ ಬಟ್ಟೆ ಪೂರ್ತಿ ಸುಟ್ಟು ಬೂದಿಯಾಯಿತು. ಆಮೇಲೆ ಬೆಳಗುವುದು ಆ ಬೂದಿಯೇ! ಸೀಮೆಎಣ್ಣೆ ಬಿಸಿಗೆ ಆವಿಯಾಗಿ ಉರಿಯುತ್ತದೆ, ಹಾಗಾಗಿ ನಮ್ಮ ಜನ ಇದನ್ನು ಗ್ಯಾಸ್‌ಲೈಟ್ ಅಂದಿದ್ದು ತಪ್ಪೇನಲ್ಲ.

ಈ ಮ್ಯಾಂಟಲ್ ಇಲ್ಲದಿದ್ದರೆ ಗ್ಯಾಸ್ ದೀಪದ ಕಥೆ ಯಾವಾಗಲೋ ಮುಗಿಯುತ್ತಿತ್ತು. ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ 1807ರಲ್ಲೇ ಕಲ್ಲಿದ್ದಲ ಗ್ಯಾಸಿನ ದೀಪ ಹಚ್ಚಿದ್ದರು, ಆದರೆ ಅದು ಬರೀ ಹಳದಿ ಬೆಂಕಿ, ಜೊತೆಗೆ ಮಸಿ. 1878ರಲ್ಲಿ ಎಡಿಸನ್ ಬಲ್ಬ್ ಮಾಡುತ್ತೇನೆ ಅಂತ ಬಾಯಿಮಾತಲ್ಲಿ ಹೇಳಿದ್ದಕ್ಕೇ ಗ್ಯಾಸ್ ಕಂಪನಿಗಳ ಷೇರು ಬಿದ್ದವು. ಅವುಗಳ ಮರ್ಯಾದೆ ಉಳಿಸಿದ್ದು ಆಸ್ಟ್ರಿಯಾದ ರಸಾಯನ ವಿಜ್ಞಾನಿ ಆವರ್ ಫಾನ್ ವೆಲ್ಸ್‌ಬಾಖ್. 1885ರಲ್ಲಿ ಮ್ಯಾಂಟಲ್ ತಂದ, ಅದು ಅಷ್ಟಾಗಿ ನಡೆಯಲಿಲ್ಲ, 1891ರಲ್ಲಿ ಮ್ಯಾಂಟಲ್ ಬೂದಿಯಲ್ಲಿ ಉಳಿಯುವ ವಸ್ತು ಬದಲಿಸಿ, ಶೇ. 99 ಥೋರಿಯಂ ಆಕ್ಸೈಡಿಗೆ ಶೇ. 1 ಸೀರಿಯಂ ಆಕ್ಸೈಡ್ ಸೇರಿಸಿದ ಮೇಲೆ ಬೆಳಕು ಬೆಳ್ಳಗಾಯಿತು. ಆ ಥೋರಿಯಂಗಾಗಿ ಕೇರಳದ ಕಡಲ ತೀರದ ಮರಳೂ ಹಡಗು ಹತ್ತಿತು. ತಮಾಷೆ ಅಂದರೆ ಇದೇ ಆಸಾಮಿ ಆಮೇಲೆ ಕರೆಂಟ್ ಬಲ್ಬಿಗೂ ಆಸ್ಮಿಯಂ ಅನ್ನೋ ಲೋಹದ ತಂತಿ ಮಾಡಿಕೊಟ್ಟ. ಯಾರು ಗೆದ್ದರೂ ಇವನಿಗೆ ನಷ್ಟವಿಲ್ಲ ಅಲ್ವಾ?

ಬೆಂಗಳೂರಿನ ಬೀದಿಗೆ 1905ರಲ್ಲೇ ಶಿವನಸಮುದ್ರದ ಕರೆಂಟ್ ಬಂದಿತ್ತು. ನಮ್ಮೂರಲ್ಲಿ ಅಜ್ಜನ ಮದುವೆ ದಿಬ್ಬಣ ಹೋಗಿದ್ದು ಈ ಲೈಟಿನ ಬೆಳಕಲ್ಲೇ.

ಒಟ್ಟು 450 ರೂಪಾಯಿ ಆಯಿತು. ಜಾಸ್ತಿ ಅನ್ನಿಸಲಿಲ್ಲ. ಕಿಟಕಿ ಮುಚ್ಚಿಕೊಂಡು ಮಾತ್ರ ಹಚ್ಚಬೇಡಿ, ಸುಯ್ ಅನ್ನೋ ಸದ್ದಿಗೆ ನಿದ್ದೆಯೂ ಬರಲ್ಲ. ಒಳ್ಳೆ ಸೀಮೆಎಣ್ಣೆ ಹುಡುಕುವುದು ಬೇರೆಯೇ ತಲೆನೋವು.

ಒಮ್ಮೆ ಉರಿದ ಮ್ಯಾಂಟಲ್ ಕುಲುಕಾಟ ತಡೆಯುವುದಿಲ್ಲ. ಬೈಕಿನಲ್ಲಿ ಬಾಳ್ಳುಪೇಟೆ ದಾಟುವಷ್ಟರಲ್ಲಿ ಪುಡಿಪುಡಿ. ಮನೆಗೆ ಬಂದು ಲೈಟಿಗೆ ಸುತ್ತಿದ್ದ ಪೇಪರ್ ಬಿಚ್ಚಿದರೆ ಒಳಗೆ ಎರಡು ಹೊಸ ಮ್ಯಾಂಟಲ್ ಇದ್ದವು. ಪುಣ್ಯಾತ್ಮ ಒಂದು ಮಾತೂ ಹೇಳಿರಲಿಲ್ಲ.