ಯೆಜ್ಡಿಯ ಆಯಿಲ್ ಸೋರಿಕೆ: ಕಾಗದದ ಗ್ಯಾಸ್ಕೆಟ್ಟೋ, ಸಿಲಿಕೋನ್ ಅಂಟೋ?

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಈ ಊರಿನ ಅನೇಕ ಮನೆಗಳ ಅಂಗಳದಲ್ಲಿ ಇಂದಿಗೂ ನಿಂತಿವೆ. ಅವುಗಳ ಎಡಬದಿಯ ನೆಲದಲ್ಲಿ ಅಂಗೈಯಗಲದ ಕಪ್ಪು ಕಲೆಯೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಳೆಯ ಗಾಡಿ ಸೋರುವುದು ಸಹಜವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನನ್ನ ಯೆಜ್ಡಿ ರೋಡ್‌ಕಿಂಗ್‌ನ ಎಂಜಿನ್ನಿನ ಎಡಬದಿಯಲ್ಲಿರುವ ಕ್ಲಚ್ ಕವರನ್ನು ಮೂರು ಬಗೆಯಲ್ಲಿ ಮುಚ್ಚಿ, ಪ್ರತಿ ಬಾರಿಯೂ ಮಂಡ್ಯಕ್ಕೆ ಹೋಗಿಬಂದು, ಚಾಮುಂಡಿ ಬೆಟ್ಟ ಹತ್ತಿಸಿ, ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ನೋಡಿದ್ದೇನೆ.

ಮೊದಲನೆಯದು ಗ್ಯಾಸ್ಕೆಟ್ಟನ್ನು, ಅಂದರೆ ಎರಡು ಲೋಹದ ಅಂಚುಗಳ ನಡುವೆ ಸೋರದಂತೆ ಇಡುವ ಪದರವನ್ನು, ಅರ್ಧ ಮಿಲಿಮೀಟರ್ ದಪ್ಪದ ಕಾಗದದ ಹಾಳೆಯಿಂದ ಕೈಯಲ್ಲೇ ಕತ್ತರಿಸಿ, ಗ್ರೀಸ್ ಸವರಿ ಕೂರಿಸಿದ್ದು. ಬಿಚ್ಚುವಾಗ ಇದರಷ್ಟು ಸುಲಭವಾದದ್ದು ಬೇರೊಂದಿಲ್ಲ. ಆದರೆ ಹಿಂದೆ ಯಾರೋ ಸ್ಕ್ರೂಡ್ರೈವರ್ ತುರುಕಿ ಕವರ್ ಎಬ್ಬಿಸಿದ್ದ ಗೀರಿನಲ್ಲಿ ಆಯಿಲ್ ಮತ್ತೆ ಜಿನುಗಿತು. ಎರಡನೆಯ ಬಾರಿ ಗ್ಯಾಸ್ಕೆಟ್ ಇಲ್ಲದೆ ಬರೀ ಸಿಲಿಕೋನ್ ಹಚ್ಚಿ, ಇಡೀ ದಿನ ಒಣಗಲು ಬಿಟ್ಟೆ. ಪತ್ರಿಕೆ ಒಣಗಿಯೇ ಇತ್ತು. ಆದರೂ ಮುಂದೆ ಕವರ್ ತೆರೆದಾಗ ಒಳಕ್ಕೆ ಉಕ್ಕಿದ್ದ ಅಂಟಿನ ಎಳೆಗಳು, ಎಂಜಿನ್ನಿನಿಂದ ಕ್ಲಚ್ಚನ್ನು ತಿರುಗಿಸುವ ಪ್ರೈಮರಿ ಚೈನಿನ ಪಕ್ಕದಲ್ಲೇ ನೇತಾಡುತ್ತಿದ್ದುದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು. ಪೆಟ್ರೋಲ್ ತಗಲುವ ಜಾಗದಲ್ಲಂತೂ ಈ ಅಂಟು ಉಬ್ಬಿ ಸಡಿಲವಾಗುತ್ತದೆ. ಕಾರ್ಬುರೇಟರಿನ ಹತ್ತಿರ ಅದನ್ನು ಸುಳಿಯಗೊಡಬಾರದು.

ಮೂರನೆಯ ಬಾರಿ ಗಾಜಿನ ಹಲಗೆಯ ಮೇಲೆ ನಯವಾದ ಮರಳುಕಾಗದ ಹಾಸಿ, ಕವರಿನ ಅಂಚನ್ನು ಎಲ್ಲ ಕಡೆಯೂ ಒಂದೇ ಸಮನಾದ ಹೊಳಪು ಬರುವವರೆಗೆ ಉಜ್ಜಿದೆ. ಬಳಿಕ ಕಾಗದದ ಗ್ಯಾಸ್ಕೆಟ್ಟಿಗೆ, ಗಟ್ಟಿಯಾಗದೆ ಮೆತ್ತಗೇ ಉಳಿಯುವ ಸೀಲಂಟನ್ನು ಬೆರಳ ತುದಿಯಿಂದ ತೆಳ್ಳಗೆ ಸವರಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆ. ಎರಡು ಮಳೆಗಾಲ ಕಳೆದರೂ ಆ ಅಂಚು ಒದ್ದೆಯಾಗಿಲ್ಲ. ನನ್ನ ಆಯ್ಕೆ ಇದೇ, ಮತ್ತು ಇದರ ಶ್ರೇಯಸ್ಸಿನ ಹೆಚ್ಚಿನ ಪಾಲು ಅಂಟಿಗಿಂತ ಆ ಉಜ್ಜುವಿಕೆಗೇ ಸಲ್ಲಬೇಕು.

ಹೊರಗೆ ಕಾಣದ ಸೋರಿಕೆ ಇದಕ್ಕಿಂತ ಅಪಾಯಕಾರಿ. ತಿರುಗುವ ಕ್ರ್ಯಾಂಕ್ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ, ಅಂದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್, ಸವೆದರೆ ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಗೇರ್‌ಬಾಕ್ಸ್ ಆಯಿಲನ್ನು ಒಳಗೆಳೆದುಕೊಳ್ಳುತ್ತದೆ, ಅದು ಸಿಲಿಂಡರಿನಲ್ಲಿ ಸುಡುತ್ತದೆ; ನೆಲ ಶುಭ್ರವಾಗಿರುತ್ತದೆ, ಸೈಲೆನ್ಸರಿನಿಂದ ಮಾತ್ರ ದಟ್ಟ ಬಿಳಿ ಹೊಗೆ ನಿಲ್ಲುವುದೇ ಇಲ್ಲ. ಅಲ್ಲಿ ಹಾಕಿಸಿದ್ದ ಅಗ್ಗದ ನೈಟ್ರೈಲ್ ರಬ್ಬರ್ ಸೀಲಿನ ತುಟಿ ಬಿಸಿಗೆ ಬೇಗನೆ ಗಟ್ಟಿಯಾಗಿ ಬಿರುಕುಬಿಟ್ಟಿತು. ಹೆಚ್ಚು ಬಿಸಿ ತಾಳುವ ವೈಟಾನ್ ರಬ್ಬರಿನ ಸೀಲಿನ ಬೆಲೆ ಅದರ ಹಲವು ಪಟ್ಟು. ಆದರೆ ಕ್ಲಚ್ಚನ್ನೂ ಪ್ರೈಮರಿ ಚೈನನ್ನೂ ಕಳಚಿದ ಮೇಲಷ್ಟೇ ಕೈಗೆ ಸಿಗುವ ಆ ಜಾಗಕ್ಕೆ ವೈಟಾನ್ ಹಾಕುವುದೇ ಸರಿಯೆಂದು ಈಗ ನಂಬಿದ್ದೇನೆ. ಕವರ್ ತೆಗೆದರೆ ಸಿಗುವ ಕಿಕ್ ಶಾಫ್ಟಿನ ಸೀಲಿಗೆ ನೈಟ್ರೈಲ್ ಸಾಕು.

ಕಿಕ್ಕರ್ರೇ ಗೇರ್ ಲಿವರ್ ಕೂಡ ಆಗಿರುವ ಈ ಗಾಡಿಯಲ್ಲಿ ಆ ಶಾಫ್ಟಿಗೆ ವಿಶ್ರಾಂತಿಯೆಂಬುದೇ ಇಲ್ಲ. ಹೊಸ ಸೀಲ್ ಹಾಕಿದ ಮೇಲೂ ಅಲ್ಲಿ ವಾರಕ್ಕೊಂದು ಹನಿ ಕಾಣಿಸುತ್ತಿದೆ. ಲಿವರ್ ಹಿಡಿದು ಅಲುಗಿಸಿದಾಗ ಶಾಫ್ಟ್ ಕೈಗೆ ತಿಳಿಯುವಷ್ಟು ಆಡುತ್ತದೆ. ಆದ್ದರಿಂದ ಮುಂದಿನ ಸಲ ಸೀಲನ್ನು ಮುಟ್ಟುವ ಮೊದಲು ಶಾಫ್ಟ್ ಒಳಗೆ ತಿರುಗುವ ಕವರಿನ ಬುಷ್ ಎಂಬ ಚಿಕ್ಕ ಕೊಳವೆಯನ್ನು ಬದಲಿಸಲಿದ್ದೇನೆ.